ದುರ್ಗ ನೋಡೋಕೆ ಬರೋರಿಗೆ ಮೊದಲು ಯಾವ ಪುಸ್ತಕ ಕೊಡೋದು, ಯಾವ ಸಿನಿಮಾ ತೋರಿಸೋದು?

ಪಿ.ಬಿ. ರೋಡ್:
ನಮಸ್ಕಾರ್ರೀ ಎಲ್ಲರಿಗೂ. ದಸರಾ ರಜೆಗೆ ಅಕ್ಕನ ಮನೆಯೋರು ದಾವಣಗೆರೆಗೆ ಬರ್ತಾರೆ, ಇಲ್ಲಿಂದ ಎಲ್ಲರೂ ಸೇರಿ ಚಿತ್ರದುರ್ಗದ ಕೋಟೆಗೆ ಹೋಗೋದು ಅಂತ ಮಾತಾಗೈತಿ. ಇನ್ನೂ ಎರಡು ತಿಂಗಳು ಟೈಮೈತಿ. ಅಷ್ಟರೊಳಗೆ ಓದೋಕೆ ಒಂದು ಪುಸ್ತಕ, ನೋಡೋಕೆ ಒಂದೆರಡು ಸಿನಿಮಾ, ಒಂದು ಸೀರಿಯಲ್ ಹೇಳ್ರಿ. ಅಕ್ಕನ ಮಗಳು ಪಿಯುಸಿ, ಕನ್ನಡ ಓದ್ತಾಳೆ ಆದ್ರೆ ನಿಧಾನ. ಬಾವನೋರಿಗೆ ಇತಿಹಾಸ ಅಂದ್ರೆ ಬಹಳ ಇಷ್ಟ, ಪುಸ್ತಕ ಮಾತ್ರ ಹಿಡಿಯೋದಿಲ್ಲ. ಅಕ್ಕ ಮೊದಲು ಕಾದಂಬರಿ ಓದ್ತಿದ್ಲು, ಈಗ ಬಿಟ್ಟಾಳೆ. ಕೇಳಿದೋರೆಲ್ಲ ತ.ರಾ.ಸು. ಅವರ ಕಾದಂಬರಿ ‘ದುರ್ಗಾಸ್ತಮಾನ’ ಕೊಡು ಅಂತಾರೆ. ಅದನ್ನೇ ಮೊದಲು ಕೊಡಬಹುದಾ?

ಜೋಗಿಮಟ್ಟಿ ಗಾಳಿ:
‘ದುರ್ಗಾಸ್ತಮಾನ’. ದುರ್ಗಕ್ಕೆ ಬರೋರಿಗೆ ಬೇರೆ ಪುಸ್ತಕ ಯಾಕೆ ಬೇಕು?

ಹಳೇ ಪುಸ್ತಕ:
ಬೇಡ, ಮೊದಲೇ ಬೇಡ. ತ.ರಾ.ಸು. ಬರೆದದ್ದರಲ್ಲೇ ದೊಡ್ಡದು ಅದು ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ಏಳುನೂರು ಪುಟದ ಹತ್ತಿರ ಇರುವ ಕಾದಂಬರಿ. ನಿಧಾನವಾಗಿ ಓದುವ ಹುಡುಗಿ ದಿನಕ್ಕೆ ಹತ್ತು ಪುಟ ಓದಿದರೆ ಎಪ್ಪತ್ತು ದಿನ. ನಿಮ್ಮ ಹತ್ತಿರ ಇರೋದು ಅರವತ್ತು. ಅದೂ ಒಂದು ದಿನವೂ ತಪ್ಪಿಸದೆ ಓದಿದರೆ. ಮಧ್ಯದಲ್ಲಿ ಕೈಬಿಟ್ಟ ಪುಸ್ತಕ ಮತ್ತೆ ಕೈಗೆ ಬರೋದು ಕಷ್ಟ, ಆ ಲೇಖಕರ ಬೇರೆ ಪುಸ್ತಕವನ್ನೂ ಆಮೇಲೆ ಮುಟ್ಟೋದಿಲ್ಲ.

ಅವಳಿಗೆ ‘ಹಂಸಗೀತೆ’ ಕೊಡಿ. ಅದೇ ತ.ರಾ.ಸು., ಅದೇ ದುರ್ಗ, ಆದರೆ ತೆಳ್ಳಗಿನ ಪುಸ್ತಕ. ಒಬ್ಬ ಸಂಗೀತಗಾರನ ಬೆನ್ನು ಹಿಡಿದು ಕತೆ ನೇರವಾಗಿ ಹೋಗುತ್ತೆ. ದಳವಾಯಿ ಯಾರು, ಪ್ರಧಾನಿ ಯಾರು, ಯಾರು ಯಾರ ಕಡೆ ಅಂತ ನೆನಪಿಟ್ಟುಕೊಳ್ಳೋ ಹೊರೆ ಇಲ್ಲ. ದಿನಕ್ಕೆ ಹತ್ತು ಪುಟ ಅಂದ್ರೂ ತಿಂಗಳೊಳಗೆ ಮುಗಿಯುತ್ತೆ, ಆಮೇಲೆ ಸಿನಿಮಾ ಹಾಕಬಹುದು. ಜಿ.ವಿ. ಅಯ್ಯರ್ 1975ರಲ್ಲಿ ಮಾಡಿದ್ದು, ಅನಂತನಾಗ್ ಇದ್ದಾರೆ. ಬಾಲಮುರಳಿಕೃಷ್ಣ ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಇದೇ ಚಿತ್ರಕ್ಕೆ.

ಮಂಡಕ್ಕಿ ಮಿರ್ಚಿ:
ಹಂಸಗೀತೆ ಸೂಪರ್. ಕೊನೆಗೆ ಭೈರವಿ ವೆಂಕಟಸುಬ್ಬಯ್ಯ ಏನ್ ಮಾಡ್ತಾನೆ ಗೊತ್ತಲ್ಲ, ಅಲ್ಲಿ ಎಂಥೋರಿಗೂ

ಹಳೇ ಪುಸ್ತಕ:
ಅಣ್ಣಾ, ಅಲ್ಲಿಗೇ ನಿಲ್ಲಿಸು. ಆ ಹುಡುಗಿ ಇದನ್ನೆಲ್ಲ ಓದ್ತಾಳೆ.

ಜೋಗಿಮಟ್ಟಿ ಗಾಳಿ:
ಕೊನೆ ಗೊತ್ತಾದ್ರೆ ಏನಾಯ್ತು? 1779ರಲ್ಲಿ ದುರ್ಗ ಹೈದರಾಲಿ ಕೈಗೆ ಬಿತ್ತು ಅಂತ ಎಲ್ಲರಿಗೂ ಗೊತ್ತು. ಪುಸ್ತಕದ ಹೆಸರಲ್ಲೇ ‘ಅಸ್ತಮಾನ’ ಐತೆ. ಆದ್ರೂ ಜನ ಓದೋದು ಬಿಟ್ಟಿದಾರಾ?

ಹಳೇ ಪುಸ್ತಕ:
ಎರಡೂ ಒಂದೇ ಅಲ್ಲ ಕಣ್ರೀ. ‘ದುರ್ಗಾಸ್ತಮಾನ’ದಲ್ಲಿ ಕೋಟೆ ಬೀಳುತ್ತೆ ಅಂತ ಗೊತ್ತಿದ್ದೇ ಓದಬೇಕು, ಆಗಲೇ ಪ್ರತಿ ತಪ್ಪು ಹೆಜ್ಜೆಯೂ ಚುಚ್ಚುತ್ತೆ. ‘ಹಂಸಗೀತೆ’ಯಲ್ಲಿ ಆ ಮನುಷ್ಯ ಏನು ಮಾಡ್ತಾನೆ ಅನ್ನೋದನ್ನ ಪುಸ್ತಕದ ಬಾಯಿಂದಲೇ ಕೇಳಬೇಕು.

ಓಬವ್ವನ ಕಿಂಡಿ:
ಸಿನಿಮಾ ಅಂದ್ರೆ ‘ನಾಗರಹಾವು’ ಬಿಟ್ಟು ಯಾಕೆ ಮಾತಾಡ್ತಿದೀರ? ಅಕ್ಕನ ಮನೆಯೋರಿಗೆಲ್ಲ ಒಟ್ಟಿಗೆ ಕೂತು ನೋಡೋಕೆ ಅದೇ ಸರಿ. 1972. ವಿಷ್ಣುವರ್ಧನ್, ಆರತಿ, ಅಶ್ವತ್ಥ್, ಲೀಲಾವತಿ. ಅಂಬರೀಶ್ ಜಲೀಲ. ಓಬವ್ವನ ಹಾಡಲ್ಲಿ ಆರತಿ ಒನಕೆ ಹಿಡಿದು ನಿಂತಿದ್ದು ಮರೆಯೋಕಾಗುತ್ತಾ.

ಚಂದ್ರವಳ್ಳಿ:
ಓಬವ್ವ ಆಗಿದ್ದು ಜಯಂತಿ ಕಣ್ರೀ, ಆರತಿ ಅಲ್ಲ. ‘ಕನ್ನಡ ನಾಡಿನ ವೀರರಮಣಿಯ’ ಹಾಡಿದೋರು ಪಿ.ಬಿ. ಶ್ರೀನಿವಾಸ್. ‘ಹಾವಿನ ದ್ವೇಷ’ ಎಸ್.ಪಿ.ಬಿ. ಸಂಗೀತ ವಿಜಯಭಾಸ್ಕರ್. ಇನ್ನೊಂದು ವಿಷಯ. ಸಿನಿಮಾ ನೋಡಿ ‘ನಾಗರಹಾವು’ ಅನ್ನೋ ಪುಸ್ತಕ ಕೊಂಡು, ಸಿನಿಮಾದ ಕತೆ ಪೂರ್ತಿ ಇದರಲ್ಲಿಲ್ಲವಲ್ಲ ಅಂತ ಗೊಣಗೋರು ಬಹಳ. ಪುಟ್ಟಣ್ಣ ಕಣಗಾಲ್ ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಒಂದು ಸಿನಿಮಾ ಮಾಡಿದ್ದು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಪುಸ್ತಕ ಓದೋರು ಮೂರನ್ನೂ ತರಬೇಕು. ಪುಸ್ತಕದ ರಾಮಾಚಾರಿ ಸಿನಿಮಾದವನಿಗಿಂತ ಬೇರೆ ಮನುಷ್ಯ. ತ.ರಾ.ಸು.ಗೆ ಸಿನಿಮಾ ಒಪ್ಪಿಗೆ ಆಗಿರಲಿಲ್ಲ ಅನ್ನೋ ಮಾತು ದುರ್ಗದಲ್ಲಿ ಜನಜನಿತ.

ಹೊಳಲ್ಕೆರೆ ಅಡಿಕೆ:
ಪುಟ್ಟಣ್ಣ ಅವರೇ ಇದನ್ನ ಹಿಂದಿಲಿ ‘ಜಹ್ರೀಲಾ ಇನ್ಸಾನ್’ ಅಂತ ಮಾಡಿದ್ರು, 1974. ರಿಷಿ ಕಪೂರ್. ಬಾವನೋರಿಗೆ ಎರಡನ್ನೂ ತೋರಿಸಿ, ಹೋಲಿಸಿ ನೋಡ್ಲಿ.

ಓಬವ್ವನ ಕಿಂಡಿ:
ಹಿಂದೀದು ನೋಡಿ ಎರಡೂವರೆ ಗಂಟೆ ಯಾಕೆ ಕಳೀಬೇಕು? ಕನ್ನಡದ್ದನ್ನೇ ಎರಡು ಸಲ ನೋಡ್ಲಿ.

ಪ್ರೊಜೆಕ್ಟರ್ ರೂಮು:
‘ನಾಗರಹಾವು’ ನೋಡೋರು ಯಾವ ಪ್ರತಿ ಅಂತ ಮೊದಲು ನೋಡಿಕೊಳ್ಳಿ. ದುರ್ಗಕ್ಕೋಸ್ಕರ ನೋಡೋ ಸಿನಿಮಾದಲ್ಲಿ ದುರ್ಗವೇ ಅರ್ಧ ಕಾಣದಿದ್ರೆ ಏನು ಪ್ರಯೋಜನ.

ಕನ್ನಡದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ ‘ಸೊಸೆ ತಂದ ಸೌಭಾಗ್ಯ’, ಬಂದದ್ದು 1977ರಲ್ಲಿ. ಅದಕ್ಕಿಂತ ಹಿಂದಿನ ಕನ್ನಡ ಸಿನಿಮಾಗಳು ಸಾಮಾನ್ಯವಾಗಿ ಈಗಿನ ಟಿವಿ ಪರದೆಯಷ್ಟು ಉದ್ದಕ್ಕೆ ಚಾಚಿಕೊಂಡಿರಲಿಲ್ಲ. ಹಳೇ ಚಿತ್ರ ಟಿವಿಯ ಈ ಅಂಚಿಂದ ಆ ಅಂಚಿನವರೆಗೆ ತುಂಬಿಕೊಂಡು ಬಂದರೆ ಎರಡೇ ಕಾರಣ: ಮೇಲೆ ಕೆಳಗೆ ಕತ್ತರಿಸಿದ್ದಾರೆ, ಇಲ್ಲವೇ ಅಡ್ಡಕ್ಕೆ ಎಳೆದಿದ್ದಾರೆ. ಎಳೆದದ್ದು ಬೇಗ ಗೊತ್ತಾಗುತ್ತೆ, ಮುಖ ಎಲ್ಲ ಅಗಲ, ಬಂಡಿ ಚಕ್ರ ಮೊಟ್ಟೆ ಆಕಾರ. ಕತ್ತರಿಸಿದ್ದು ಗೊತ್ತಾಗೋದಿಲ್ಲ, ಅದೇ ಅಪಾಯ. ಪತ್ತೆ ಮಾಡೋಕೆ ಶುರುವಿನ ಹೆಸರುಪಟ್ಟಿ ನೋಡಿ. ಮೇಲಿನ ಸಾಲು ಅಥವಾ ಕೆಳಗಿನ ಸಾಲು ಅಂಚಿಗೆ ತಾಗಿದ್ರೆ, ಅಕ್ಷರದ ಒತ್ತು ಕಾಣದೆ ಹೋದ್ರೆ, ಇಡೀ ಸಿನಿಮಾ ಹಾಗೇ ಇರುತ್ತೆ. ದುರ್ಗದ ಬಂಡೆ, ಬತ್ತೇರಿ, ಬಾಗಿಲು ಎಲ್ಲ ಎತ್ತರದ ವಸ್ತುಗಳು. ರಾಮಾಚಾರಿ ಬಂಡೆ ಮೇಲೆ ನಿಂತಾಗ ಅವನ ತಲೆ ಮೇಲಿನ ಆಕಾಶ, ಕಾಲ ಕೆಳಗಿನ ಪ್ರಪಾತ ಎರಡೂ ಹೋದ್ರೆ ಅವನು ಯಾವುದೋ ಕಟ್ಟೆ ಮೇಲೆ ನಿಂತ ಹಾಗೆ ಕಾಣ್ತಾನೆ.

ಎರಡು ಪಕ್ಕ ಕಪ್ಪು ಪಟ್ಟಿ ಬರೋ ಪ್ರತಿ ಸಿಕ್ಕರೆ ಅದನ್ನೇ ಹಾಕಿ. ಟಿವಿ ಸೆಟ್ಟಿಂಗಲ್ಲಿ ಜೂಮ್, ಸ್ಟ್ರೆಚ್ ತೆಗೆದು ಮೂಲ ಅಳತೆಗೆ ಇಡಿ. ಚಲನೆಯನ್ನ ನುಣುಪು ಮಾಡೋ ಆಯ್ಕೆ ಇದ್ರೆ ಅದನ್ನೂ ಆರಿಸಿ. ಇಲ್ಲದಿದ್ರೆ ‘ಬಾರೆ ಬಾರೆ’ ಹಾಡಿನ ನಿಧಾನಗತಿಯ ದೃಶ್ಯಗಳಲ್ಲಿ ಬಟ್ಟೆಯ ಅಂಚೆಲ್ಲ ಕಲಸಿಹೋಗುತ್ತೆ.

ಪಿ.ಬಿ. ರೋಡ್:
ಇದು ಗೊತ್ತಿರಲಿಲ್ಲ ನೋಡ್ರಿ. ಮತ್ತೆ ಹಾಡು, ಸೀನು ಕತ್ತರಿಸಿದ ಪ್ರತಿ ಹೆಂಗ್ ಗುರುತಿಸೋದು? ಪುಟ್ಟಣ್ಣನ ಸಿನಿಮಾ ಒಂದೊಂದು ಕಡೆ ಒಂದೊಂದು ಉದ್ದ ತೋರಿಸ್ತಾವೆ.

ಪ್ರೊಜೆಕ್ಟರ್ ರೂಮು:
ಸೆನ್ಸಾರ್ ಸರ್ಟಿಫಿಕೇಟ್ ಮೊದಲಿಗೆ ಬರುತ್ತಲ್ಲ, ಅದನ್ನ ನಿಲ್ಲಿಸಿ ಓದಿ. ಉದ್ದ ಮೀಟರಲ್ಲಿ ಇರುತ್ತೆ, ರೀಲು ಎಷ್ಟು ಅಂತಲೂ ಇರುತ್ತೆ. 35 ಎಂ.ಎಂ. ಫಿಲಂ ಸೆಕೆಂಡಿಗೆ 24 ಚೌಕಟ್ಟಿನಂತೆ ಓಡಿದರೆ ನಿಮಿಷಕ್ಕೆ 90 ಅಡಿ, ಅಂದರೆ 27.4 ಮೀಟರ್ ಹತ್ತಿರ. ಸರ್ಟಿಫಿಕೇಟಲ್ಲಿ 4000 ಮೀಟರ್ ಅಂತ ಇದ್ರೆ 27.4ರಿಂದ ಭಾಗಿಸಿ: 146 ನಿಮಿಷ. ನಿಮ್ಮ ಹತ್ತಿರ ಇರೋ ಪ್ರತಿ 140 ನಿಮಿಷ ಇದ್ರೆ ಗಾಬರಿ ಬೇಡ. ಹಳೇ ಟಿವಿ ಟೇಪಿಗೆ ಇಳಿಸುವಾಗ 24ರ ಬದಲು 25 ಚೌಕಟ್ಟಿನ ವೇಗಕ್ಕೆ ಓಡಿಸಿರ್ತಾರೆ, ನೂರಕ್ಕೆ ನಾಲ್ಕರಷ್ಟು ಕಡಿಮೆ ಆಗುತ್ತೆ. ಏನೂ ಕತ್ತರಿಸಿರೋದಿಲ್ಲ, ಆದರೆ ಶ್ರುತಿ ಸ್ವಲ್ಪ ಮೇಲೇರಿರುತ್ತೆ. 120 ನಿಮಿಷ ಅಂತ ಇದ್ರೆ ಮಾತ್ರ ಯಾರೋ ಕತ್ತರಿ ಆಡಿಸಿದ್ದಾರೆ. ಹೆಚ್ಚಾಗಿ ಹೋಗೋದು ಹಾಡಿನ ಎರಡನೇ ಚರಣ, ಹಾಸ್ಯದ ದೃಶ್ಯ, ರೀಲು ಬದಲಾಗೋ ಜಾಗದ ಮಾತು.

‘ಹಂಸಗೀತೆ’ಗೆ ಈ ಶ್ರುತಿಯ ವಿಷಯ ಬಹಳ ಮುಖ್ಯ. ಸಂಗೀತವೇ ಜೀವಾಳ ಆಗಿರೋ ಚಿತ್ರ. ‘ಹಿಮಾದ್ರಿಸುತೆ’ಯನ್ನ ಆಡಿಯೋ ಕ್ಯಾಸೆಟ್ಟಿನದೋ ಸಿ.ಡಿ.ಯದೋ ಪ್ರತಿಯ ಜೊತೆ ಹತ್ತು ಸೆಕೆಂಡು ಹೋಲಿಸಿ. ಶ್ರುತಿ ಒಂದೇ ಆಗಿದ್ರೆ ಆ ಪ್ರತಿ ಒಳ್ಳೇದು.

ಚಂದ್ರವಳ್ಳಿ:
2018ರಲ್ಲಿ ‘ನಾಗರಹಾವು’ ಡಿಜಿಟಲ್ ಮಾಡಿ ಮತ್ತೆ ಥಿಯೇಟರಿಗೆ ಬಿಟ್ರಲ್ಲ, ಅದು ಅಗಲದ್ದೇ ತಾನೆ? ಬಣ್ಣ ಚೆನ್ನಾಗಿತ್ತು.

ಪ್ರೊಜೆಕ್ಟರ್ ರೂಮು:
ಬಣ್ಣ, ಧ್ವನಿ ಚೊಕ್ಕ ಮಾಡಿದ್ದು ನಿಜ. ಅಗಲಕ್ಕೆ ಹೊಂದಿಸೋಕೆ ಮೇಲೆ ಕೆಳಗೆ ಬಿಟ್ಟುಕೊಟ್ಟದ್ದೂ ನಿಜ. ದೊಡ್ಡ ಪರದೇಲಿ ಜಾತ್ರೆ ಥರ ನೋಡೋಕೆ ಅದು ಸರಿ, ಪುಟ್ಟಣ್ಣನ ಚೌಕಟ್ಟು ನೋಡೋಕೆ ಹಳೇದೇ ಸರಿ.

ಶಾಂತಿಸಾಗರ:
ದಾವಣಗೆರೆ ಕಡೆಯಿಂದ ಒಂದು ಮಾತು. ದುರ್ಗದೋರು ತ.ರಾ.ಸು. ನಮ್ಮೋರು ಅಂತಾರೆ. ಹುಟ್ಟಿದ್ದು ಮಲೆಬೆನ್ನೂರಲ್ಲಿ, 1920. ಅದು ನಮ್ಮ ಜಿಲ್ಲೆ.

ಜೋಗಿಮಟ್ಟಿ ಗಾಳಿ:
ಮನೆತನ ತಳುಕಿನದು, ಚಳ್ಳಕೆರೆ ತಾಲ್ಲೂಕು. ಟಿ.ಎಸ್. ವೆಂಕಣ್ಣಯ್ಯನವರ ಮನೆತನ. ಬರೆದದ್ದು ದುರ್ಗದ ಮೇಲೆ. ಇನ್ನೇನು ಬೇಕು?

ಹಳೇ ಪುಸ್ತಕ:
1997ರ ತನಕ ದಾವಣಗೆರೆ ಅನ್ನೋ ಜಿಲ್ಲೆಯೇ ಇರಲಿಲ್ಲ, ಮಲೆಬೆನ್ನೂರೂ ಚಿತ್ರದುರ್ಗ ಜಿಲ್ಲೆಯೇ. ಇಬ್ಬರೂ ಸರಿ. ಈಗ ಪುಸ್ತಕಕ್ಕೆ ಬನ್ನಿ.

ಲೈಬ್ರರಿ ಮೇಜು:
ಅಕ್ಕನವರಿಗೆ ಏನು ಅಂತ ಯಾರೂ ಹೇಳಲಿಲ್ಲ. ಮೊದಲು ಓದ್ತಿದ್ದು ಈಗ ಬಿಟ್ಟೋರಿಗೆ ದುರ್ಗದ ಮೇಲಿನ ತ.ರಾ.ಸು. ಅವರ ತ್ರಿವಳಿ ಕೊಡಬೇಕು. ಒಂದೊಂದು ಪುಸ್ತಕವೂ ಹಿಡಿತದಲ್ಲಿರುವ ಗಾತ್ರ, ಒಂದು ಮುಗಿಸಿದ ಖುಷಿಯಲ್ಲಿ ಮುಂದಿನದು ಎತ್ತಿಕೊಳ್ತಾರೆ. ಕ್ರಮ ತಪ್ಪಿಸಬೇಡಿ: ‘ಕಂಬನಿಯ ಕುಯಿಲು’, ಆಮೇಲೆ ‘ರಕ್ತರಾತ್ರಿ’, ಆಮೇಲೆ ‘ತಿರುಗುಬಾಣ’. ಹೆಸರು ಆಕರ್ಷಕ ಅಂತ ‘ರಕ್ತರಾತ್ರಿ’ಯಿಂದ ಶುರು ಮಾಡಿದರೆ ದಳವಾಯಿ ಮುದ್ದಣ್ಣ ಯಾಕೆ ಹಾಗಾಡ್ತಾನೆ ಅನ್ನೋದರ ಬೇರು ಸಿಗೋದಿಲ್ಲ. ‘ದುರ್ಗಾಸ್ತಮಾನ’ ಇದರ ನಂತರ ಓದಿದರೆ ತೂಕ ಎರಡು ಪಟ್ಟು. ಗಾದಿಗೋಸ್ಕರ ಒಳಗೊಳಗೇ ಕಿತ್ತಾಡಿದ್ದು ನೂರು ವರ್ಷದ ಹಿಂದೆಯೇ ಶುರುವಾಗಿತ್ತು ಅಂತ ಆಗ ಗೊತ್ತಿರುತ್ತೆ.

ಓದುಗರು ಎಡವೋದು ಎಲ್ಲಿ ಅಂದ್ರೆ ಹೆಸರಲ್ಲಿ. ನಾಯಕರ ಮನೆಯಲ್ಲಿ ಓಬಣ್ಣ, ಮದಕರಿ, ಕಸ್ತೂರಿ ರಂಗಪ್ಪ ಅನ್ನೋ ಹೆಸರು ತಲೆಮಾರಿನಿಂದ ತಲೆಮಾರಿಗೆ ಮತ್ತೆ ಮತ್ತೆ ಬರ್ತಾವೆ. ಮಾಯಕೊಂಡದ ಯುದ್ಧದಲ್ಲಿ ಸತ್ತ ಮದಕರಿ ಬೇರೆ, ಹೈದರಾಲಿ ಎದುರು ನಿಂತ ಮದಕರಿ ಬೇರೆ. ಒಂದು ಅಂಚೆ ಕಾರ್ಡಿನಷ್ಟು ದಪ್ಪ ಕಾಗದ ತಗೊಂಡು, ಎಡಗಡೆ ಹೆಸರು, ನಡುವೆ ಯಾರ ಮಗ ಅಥವಾ ಯಾವ ಹುದ್ದೆ, ಬಲಗಡೆ ಮೊದಲು ಬಂದ ಪುಟದ ಸಂಖ್ಯೆ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ಮೊದಲ ಐವತ್ತು ಪುಟಕ್ಕೆ ಇಪ್ಪತ್ತು ಹೆಸರು ದಾಟೋದಿಲ್ಲ. ಅಷ್ಟು ಬರೆದರೆ ಮುಂದೆ ಬರೆಯೋ ಅಗತ್ಯವೇ ಬೀಳಲ್ಲ.

ಶಾಂತಿಸಾಗರ:
ಮಾಯಕೊಂಡ ನಮ್ಮ ತಾಲ್ಲೂಕು. ಕೋಟೆಗೆ ಹೋಗೋ ಮೊದಲು ಬಾವನೋರಿಗೆ ಆ ಊರನ್ನೂ ತೋರಿಸ್ರಿ.

ಮಂಡಕ್ಕಿ ಮಿರ್ಚಿ:
ದಾರೀಲಿ ಬೆಣ್ಣೆದೋಸೆ ತಿನ್ನಿಸ್ರಿ ಮೊದಲು. ಎರಡು ತಿಂದ ಮೇಲೆ ಎಂಥ ಪುಸ್ತಕಾನೂ ಓದ್ತಾರೆ.

ಹೊಳಲ್ಕೆರೆ ಅಡಿಕೆ:
ದೋಸೆ ತಿಂದು ಕೋಟೆ ಹತ್ತಬೇಡ್ರಪ್ಪ, ಬಿಸಿಲಿಗೆ ಸುಸ್ತಾಗ್ತೀರಿ. ಕೋಟೆ ಇಳಿದ ಮೇಲೆ ತಿನ್ನಿ.

ತುಪ್ಪದ ಕೊಳ:
ಎಲ್ಲರೂ ತ.ರಾ.ಸು. ತ.ರಾ.ಸು. ಅಂತಿದ್ದೀರಿ. ಬಿ.ಎಲ್. ವೇಣು ಮರೆತುಬಿಟ್ರಾ? ಅವರ ಕಾದಂಬರಿಯಿಂದ ‘ಕಲ್ಲರಳಿ ಹೂವಾಗಿ’ ಸಿನಿಮಾ ಬಂತು, 2006, ನಾಗಾಭರಣ. ಅದೂ ಮದಕರಿ ನಾಯಕನ ಕಾಲದ್ದೇ, ಆದರೆ ಅರಮನೆ ಒಳಗಿನ ಜಗಳ ಅಲ್ಲ, ಧರ್ಮ ಬೇರೆಯಾದ ಇಬ್ಬರ ಪ್ರೀತಿ. ಪಿಯುಸಿ ಹುಡುಗಿಗೆ ಹಿಡಿಸೋದು ಇದೇ. ವೇಣು ಅವರ ಮಾತುಗಾರಿಕೆ ಚುರುಕು, ದುರ್ಗದ ಆಡುಮಾತಿಗೆ ಹತ್ತಿರ.

ಜೋಗಿಮಟ್ಟಿ ಗಾಳಿ:
ವೇಣು ಚೆನ್ನಾಗಿ ಬರೀತಾರೆ, ಒಪ್ಪಿದೆ. ಆದ್ರೆ ದುರ್ಗದ ಕಲ್ಲಿಗೆ ಉಸಿರು ಬರಿಸಿದ್ದು ತ.ರಾ.ಸು. ಮಾತ್ರ. ಸುಮ್ನೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕೊಟ್ರಾ? ಕೈಯಾರೆ ಇಸ್ಕೊಂಡ್ರು.

ಹಳೇ ಪುಸ್ತಕ:
ಕೈಯಾರೆ ಇಸ್ಕೊಳ್ಳಲಿಲ್ಲ. ಅವರು ತೀರಿಹೋದದ್ದು 1984, ಪ್ರಶಸ್ತಿ ಬಂದದ್ದು 1985.

ತುಪ್ಪದ ಕೊಳ:
ಪ್ರಶಸ್ತಿ ನೋಡಿ ಪುಸ್ತಕ ಕೊಡೋದಾದ್ರೆ ಈ ಚರ್ಚೆನೇ ಬೇಡ. ಓದೋರು ಯಾರು ಅಂತ ನೋಡಿ ಕೊಡಬೇಕು. ಹುಡುಗಿ ಕೊನೇದಾಗಿ ಪೂರ್ತಿ ಮುಗಿಸಿದ ಪುಸ್ತಕ ಯಾವುದು ಅಂತ ಕೇಳ್ರಿ, ಅರ್ಧಕ್ಕೆ ಬಿಟ್ಟದ್ದು ಯಾವುದು ಅಂತಲೂ ಕೇಳ್ರಿ. ಇಷ್ಟವಾದ ಪುಸ್ತಕ ಯಾವುದು ಅಂದ್ರೆ ಎಲ್ಲರೂ ದೊಡ್ಡ ಹೆಸರು ಹೇಳ್ತಾರೆ, ಅದರಿಂದ ಏನೂ ತಿಳಿಯೋದಿಲ್ಲ. ಎಲ್ಲಿ ಬಿಟ್ಟರು ಅಂತ ಗೊತ್ತಾದ್ರೆ ಏನು ಕೊಡಬಾರದು ಅಂತ ಗೊತ್ತಾಗುತ್ತೆ. ಮತ್ತೆ ಒಂದೇ ಹೆಸರು ಹೇಳಬೇಕು. ಹತ್ತು ಹೆಸರಿನ ಪಟ್ಟಿ ಕಳಿಸಿದ್ರೆ ಫೋನಲ್ಲೇ ಉಳಿಯುತ್ತೆ.

ಪಿ.ಬಿ. ರೋಡ್:
ಕೇಳಿದೆ. ಮುಗಿಸಿದ್ದು ತೇಜಸ್ವಿಯವರ ‘ಕರ್ವಾಲೊ’. ಬಿಟ್ಟದ್ದು ‘ಮಲೆಗಳಲ್ಲಿ ಮದುಮಗಳು’, ಜನ ಬಹಳ ಅಂತ ಬಿಟ್ಟಳಂತೆ.

ಹಳೇ ಪುಸ್ತಕ:
ಹಾಗಾದ್ರೆ ಮಾತು ಮುಗೀತು. ಜನ ಬಹಳ ಅಂತ ‘ಮದುಮಗಳು’ ಬಿಟ್ಟವಳಿಗೆ ‘ದುರ್ಗಾಸ್ತಮಾನ’ ಈಗ ಬೇಡವೇ ಬೇಡ. ‘ಹಂಸಗೀತೆ’.

ತುಪ್ಪದ ಕೊಳ:
‘ಕರ್ವಾಲೊ’ ಮುಗಿಸಿದಳು ಅಂದ್ರೆ ಮಾತು, ನಗು, ಹುಡುಕಾಟ ಇರೋ ಪುಸ್ತಕ ಹಿಡಿಸುತ್ತೆ ಅಂತ ಅರ್ಥ. ಹಂಗಿದ್ರೆ ನಾನು ಬೆಳಗೆರೆ ಕೃಷ್ಣಶಾಸ್ತ್ರಿಗಳ ‘ಯೇಗ್ದಾಗೆಲ್ಲಾ ಐತೆ’ ಅಂತೀನಿ. ಚಳ್ಳಕೆರೆ ಸೀಮೆಯ ಲೇಖಕರು, ಮುಕುಂದೂರು ಸ್ವಾಮಿಗಳ ಒಡನಾಟದ ಬರಹ. ಚಿಕ್ಕ ಚಿಕ್ಕ ಪ್ರಸಂಗ, ಎಲ್ಲಿಂದ ಬೇಕಾದ್ರೂ ಓದಬಹುದು. ಸ್ವಾಮಿಗಳ ಮಾತೆಲ್ಲ ನಮ್ಮ ಕಡೆಯ ಆಡುಮಾತಲ್ಲೇ ಇರೋದ್ರಿಂದ ಜೋರಾಗಿ ಓದಿದ್ರೆ ಪುಸ್ತಕ ಹಿಡಿಯದ ಬಾವನೋರೂ ಕಿವಿ ಕೊಡ್ತಾರೆ.

ಹಳೇ ಪುಸ್ತಕ:
ಒಳ್ಳೇ ಪುಸ್ತಕ, ಆದರೆ ಅದರಲ್ಲಿ ಕೋಟೆ ಇಲ್ಲ. ಕೇಳಿದ್ದು ಕೋಟೆಗೆ.

ತುಪ್ಪದ ಕೊಳ:
ಕೋಟೆ ಮಾತ್ರ ದುರ್ಗನಾ? ಆ ಬಯಲುಸೀಮೆ, ಆ ಮಾತು, ಆ ಹಟ್ಟಿಗಳೂ ದುರ್ಗವೇ.

ರಂಗದ ಮುಂದೆ:
ಸೀರಿಯಲ್ ಕೇಳಿದ್ರಲ್ಲ. ದುರ್ಗದ್ದಲ್ಲ, ಆದರೆ ಮನೆಮಂದಿ ಎಲ್ಲ ಕೂತು ನೋಡೋಕೆ ‘ಗುಡ್ಡದ ಭೂತ’, ಸದಾನಂದ ಸುವರ್ಣ ಅವರದು, ದೂರದರ್ಶನದ ಕಾಲದ್ದು. ಕಡಿಮೆ ಕಂತು, ವಾರದೊಳಗೆ ಮುಗಿಯುತ್ತೆ. ಪ್ರಕಾಶ್ ರೈ ಅವರ ಶುರುವಿನ ದಿನಗಳ ಕೆಲಸ. ಶೀರ್ಷಿಕೆ ಗೀತೆ ಒಂದೇ ಸಾಕು, ರಾತ್ರಿ ದೀಪ ಆರಿಸಿ ಹಾಕಿ. ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ ಶ್ರೇಷ್ಠ, ಆದರೆ ದಿನದ ಧಾರಾವಾಹಿ, ಕಂತು ನೂರಾರು. ಎರಡು ತಿಂಗಳಿಗೆ ಅದನ್ನ ಹಿಡಿದರೆ ಪುಸ್ತಕ ಓದೋದು ನಿಲ್ಲುತ್ತೆ. ಹೊಸದು ಬೇಕಂದ್ರೆ ‘ಏಕಂ’, 2024ರದು, ಕರಾವಳಿಯ ಏಳು ಕತೆ. ಒಂದೊಂದು ಕಂತು ಒಂದೊಂದು ಕತೆ, ಮಧ್ಯ ಒಂದು ಬಿಟ್ಟರೂ ನಷ್ಟವಿಲ್ಲ.

ನಾಟಕವನ್ನೂ ಸೇರಿಸ್ಕೊಳ್ಳಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ತಂಡ ವರ್ಷಾವರ್ಷ ಹೊಸ ನಾಟಕ ಕಟ್ಟಿ ಊರೂರಿಗೆ ಒಯ್ಯುತ್ತೆ. ದಸರಾಕ್ಕೆ ಬಂದೋರು ಇನ್ನೊಂದಿಷ್ಟು ದಿನ ಇರೋದಾದ್ರೆ ನವೆಂಬರ್ ಶುರುವಿಗೆ ಅಲ್ಲೇ ನಾಟಕೋತ್ಸವ ಇರುತ್ತೆ.

ಶಾಂತಿಸಾಗರ:
ನಾಟಕ ಅಂದ್ರೆ ದಾವಣಗೆರೆ ಬಿಡೋಕಾಗುತ್ತಾ! ಚಿಂದೋಡಿ ಲೀಲಾ, ಕೆ.ಬಿ.ಆರ್. ಡ್ರಾಮಾ ಕಂಪನಿ. ಆ ಮನೆಯಿಂದಲೇ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಸಿನಿಮಾ ಬಂದದ್ದು, 1995. ಹಂಸಲೇಖಗೂ ಎಸ್.ಪಿ.ಬಿ.ಗೂ ರಾಷ್ಟ್ರಪ್ರಶಸ್ತಿ. ‘ಹಂಸಗೀತೆ’ ನೋಡಿದ ಮರುದಿನ ಇದನ್ನ ಹಾಕ್ರಿ. ಅಲ್ಲಿ ಕರ್ನಾಟಕ ಸಂಗೀತ, ಇಲ್ಲಿ ಹಿಂದೂಸ್ತಾನಿ.

ಪಿ.ಬಿ. ರೋಡ್:
ಇದು ಚೆನ್ನಾಗೈತಿ. ತ್ರಿವಳಿ ಹಳೇ ಪ್ರತಿ ಒಂದು ಅಂಗಡೀಲಿ ಐತಿ ಅಂತಾರೆ. ತಗೊಳ್ಳೋ ಮುಂಚೆ ಏನು ನೋಡಬೇಕು? ಕೆಲವರ ಪ್ರತೀಲಿ ಪುಟಾನೇ ಇರೋದಿಲ್ಲ.

ಲೈಬ್ರರಿ ಮೇಜು:
ಹಳೇ ಪುಸ್ತಕದಲ್ಲಿ ಒಂದೊಂದೇ ಹಾಳೆ ಕಾಣೆಯಾಗೋದಕ್ಕಿಂತ ಒಂದು ಫಾರಂ ಪೂರ್ತಿ ಹೋಗೋದು ಹೆಚ್ಚು. ದೊಡ್ಡ ಹಾಳೆಯಲ್ಲಿ ಹದಿನಾರು ಪುಟ ಒಟ್ಟಿಗೆ ಅಚ್ಚು ಹಾಕಿ ಮಡಚಿ ಹೊಲಿದಿರ್ತಾರೆ, ಬೈಂಡಿನವರು ಒಂದು ಕಟ್ಟು ಬಿಟ್ಟರೆ ಹದಿನಾರೂ ಹೋಗ್ತವೆ, ಕೆಲವು ಸಲ ಒಂದೇ ಫಾರಂ ಎರಡು ಸಲ ಸೇರಿರುತ್ತೆ. 16, 32, 48, 64 ಹೀಗೆ ಪುಟ ಹಾರಿಸ್ತಾ ಸಂಖ್ಯೆ ನೋಡ್ಕೊಂಡು ಹೋಗಿ. ಹಳೇ ಅಚ್ಚಿನಲ್ಲಿ ಪ್ರತಿ ಫಾರಂ ಮೊದಲ ಪುಟದ ಕೆಳಗೆ ಸಣ್ಣ ಅಂಕಿ ಇರುತ್ತೆ, ಅದನ್ನ ಎಣಿಸಿದ್ರೆ ಇನ್ನೂ ಬೇಗ. ಕೊನೆಯ ಫಾರಂ ತಪ್ಪದೆ ನೋಡಿ, ರಟ್ಟು ಕಿತ್ತಾಗ ಮೊದಲು ಹೋಗೋದು ಅದೇ. ಅಕ್ಕನವರಿಗೆ ಕಣ್ಣಿನ ತೊಂದರೆ ಇದ್ರೆ ಹಳೇದು ಬೇಡ. ಮೊಳೆ ಸವೆದ ಅಚ್ಚಿನಲ್ಲಿ ಒತ್ತಕ್ಷರ ತಿಳಿಯೋದಿಲ್ಲ, ಮರುಮುದ್ರಣ ತಗೊಳ್ಳಿ.

ಲೈಬ್ರರಿಯಲ್ಲಿ ಹುಡುಕೋದಾದ್ರೆ ‘ತರಾಸು’ ಅಂತ ಒಂದೇ ಕಡೆ ನೋಡಿ ಇಲ್ಲ ಅನ್ಕೋಬೇಡಿ. ‘ಸುಬ್ಬರಾವ್, ತ.ರಾ.’ ಅಂತ ಸ ಅಕ್ಷರದ ಕೆಳಗೆ, ‘ಟಿ.ಆರ್. ಸುಬ್ಬರಾವ್’ ಅಂತ ಟ ಅಕ್ಷರದ ಕೆಳಗೂ ನೋಡಿ. ಅಲ್ಲೂ ಸಿಗದಿದ್ರೆ ಪುಸ್ತಕದ ಹೆಸರಿಂದ ಹುಡುಕಿ. ‘ದುರ್ಗಾಸ್ತಮಾನ’ವನ್ನ ‘ದುರ್ಗಾಸ್ಥಮಾನ’ ಅಂತ ಮಹಾಪ್ರಾಣ ಹಾಕಿ ದಾಖಲಿಸಿರೋದು ಉಂಟು, ಎರಡೂ ಥರ ಬರೆದು ನೋಡಿ.

ಓಬವ್ವನ ಕಿಂಡಿ:
ಕೋಟೇಲಿ ಓಬವ್ವನ ಕಿಂಡಿ ಹತ್ರ ಹೋದಾಗ ಹಾಡು ಫೋನಲ್ಲಿ ಹಾಕ್ಕೊಂಡು ನಿಂತ್ಕೊಳ್ಳೋಕೆ ಹೇಳಿ.

ಚಂದ್ರವಳ್ಳಿ:
ಕಿವಿಗೆ ಹಾಕ್ಕೊಂಡು ಕೇಳಿ, ಜೋರಾಗಿ ಬೇಡ. ಮತ್ತೆ ಆ ಕಿಂಡಿಯೊಳಗೆ ಒಬ್ಬರು ಬಗ್ಗಿ ನೋಡ್ಲಿ. ಒಂದು ಸಲಕ್ಕೆ ಒಂದು ತಲೆ ಮಾತ್ರ ಈಚೆ ಬರೋವಷ್ಟು ಸಂದಿ. ಹಿಂದಿನವನಿಗೆ ಮುಂದಿನವನಿಗೆ ಏನಾಯ್ತು ಅಂತ ಕಾಣೋದಿಲ್ಲ. ಒನಕೆ ಒಂದರಿಂದ ಅಷ್ಟು ಜನರನ್ನ ಹೇಗೆ ತಡೆದಳು ಅನ್ನೋರಿಗೆ ಅಲ್ಲಿ ನಿಂತ ಮೇಲೆ ಬೇರೆ ವಿವರಣೆ ಬೇಕಾಗಲ್ಲ.

ಜೋಗಿಮಟ್ಟಿ ಗಾಳಿ:
ಆಯ್ತು, ಹುಡುಗಿಗೆ ‘ಹಂಸಗೀತೆ’ ಅಂತ ಒಪ್ಪಿದೆ. ಆದ್ರೆ ಬಾವನೋರಿಗೆ ‘ದುರ್ಗಾಸ್ತಮಾನ’ ಓದಿ ಹೇಳೋರು ಯಾರಾದ್ರೂ ಇರ್ಲಿ. ರಾತ್ರಿ ಊಟ ಆದ್ಮೇಲೆ ದಿನಾ ಹನ್ನೆರಡು ಪುಟ ಜೋರಾಗಿ ಓದಿದ್ರೆ ಎರಡು ತಿಂಗಳಿಗೆ ಸರಿ ಹೋಗುತ್ತೆ. ಜೋರಾಗಿ ಓದೋಕೆ ಹೇಳಿ ಮಾಡಿಸಿದ ಗದ್ಯ ಅದು, ತ.ರಾ.ಸು. ಭಾಷಣಕಾರರೂ ಆಗಿದ್ರು.

ಲೈಬ್ರರಿ ಮೇಜು:
ಹನ್ನೆರಡು ಪುಟ ಜೋರಾಗಿ ಓದೋಕೆ ಅರ್ಧ ಗಂಟೆ ಮೇಲೇ ಬೇಕು. ಇಬ್ಬರು ಸರದಿ ಮೇಲೆ ಓದಿ, ಇಲ್ಲದಿದ್ರೆ ಗಂಟಲು ಕಟ್ಟುತ್ತೆ. ಅಧ್ಯಾಯದ ನಡುವೆ ನಿಲ್ಲಿಸೋದಾದ್ರೆ ಮಾತುಕತೆ ಮುಗಿದ ಕಡೆ ನಿಲ್ಲಿಸಿ. ವರ್ಣನೆಯ ನಡುವೆ ನಿಲ್ಲಿಸಿದ್ರೆ ಮರುದಿನ ಎರಡು ಪುಟ ಹಿಂದೆ ಹೋಗಬೇಕಾಗುತ್ತೆ.